ಜೇಬಿನ ಪೆನ್‌ಡ್ರೈವು, ಯಂತ್ರದ ಬೀಗ
ಆಪರೇಟಿಂಗ್ ಸಿಸ್ಟಂ ಎಂಬುದು ಹಾರ್ಡ್‌ಡಿಸ್ಕಿನಲ್ಲೇ ನೆಲೆಸಿರಬೇಕೆಂಬ ಕಟ್ಟಳೆ ಎಂದೂ ಇರಲಿಲ್ಲ. ಸ್ವಿಚ್ ಒತ್ತಿದ ಕೂಡಲೇ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ ಎಚ್ಚೆತ್ತು, ಬೂಟ್ ಆಗಬಲ್ಲ ಸಾಧನ ಎಲ್ಲಿದೆಯೆಂದು ಒಂದೊಂದಾಗಿ ಹುಡುಕುತ್ತದೆ. ಡಾಸ್ ಕಾಲದಲ್ಲಿ ಫ್ಲಾಪಿ ಸಿಕ್ಕರೆ ಅದಕ್ಕೆ ಸಾಕಾಗುತ್ತಿತ್ತು. ಹಾಗಾಗಿ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸುವ ಕತೆಯಲ್ಲಿ ಹೊಸದೇನಾದರೂ ಇದ್ದರೆ, ಅದು ಇಡೀ ಡೆಸ್ಕ್‌ಟಾಪ್ ಜೇಬಿಗೆ ಇಳಿದದ್ದು ಮಾತ್ರ. ಈ ಕತೆಯನ್ನು ಸಾಮಾನ್ಯವಾಗಿ ಗಾತ್ರ ಮತ್ತು ವೇಗದ ಲೆಕ್ಕದಲ್ಲಿ ಹೇಳುತ್ತಾರೆ. ಆದರೆ ಆ ಲೆಕ್ಕ ಸುಮಾರು 2008ಕ್ಕೇ ಚುಕ್ತಾ ಆಯಿತು. ಅಲ್ಲಿಂದೀಚೆಗೆ ಉಳಿದಿರುವುದು ಅನುಮತಿಯ ಪ್ರಶ್ನೆ: ಯಂತ್ರದಲ್ಲಿ ಏನು ಓಡಬೇಕೆಂದು ಹೇಳುವವರು ಯಾರು? ಕನ್ನಡದಲ್ಲಿ ಬರೆಯುವವರಿಗಂತೂ ಈ ಪ್ರಶ್ನೆ ಮೊದಲಿನಿಂದಲೂ ಎದುರಿಗಿತ್ತು.

ಪೆನ್‌ಡ್ರೈವಿಗೂ ಮುಂಚೆ ಸಿಡಿ ಇತ್ತು. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮನ್ನು ಸಿಡಿಯಿಂದಲೇ ಓಡುವಂತೆ ಯಿಗ್‌ಡ್ರಸಿಲ್ 1992ರಲ್ಲೇ ಕೊಟ್ಟಿತ್ತು. ಸಿಡಿಯಿಂದ ಬೂಟ್ ಮಾಡುವ ವಿಧಾನವನ್ನು 1995ರ 'ಎಲ್ ಟೊರಿಟೊ' ನಿರ್ದಿಷ್ಟಗೊಳಿಸಿತು. ನಿಜವಾದ ಜಿಗಿತ 2000ದಲ್ಲಿ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್‌ನದು. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಕುಗ್ಗಿಸಿ 700 ಎಂಬಿಯ ಸಿಡಿಗೆ ತುಂಬಿದ್ದು ಅದರ ಅರ್ಧ ಸಾಧನೆ. ಉಳಿದರ್ಧ, ಎಂದೂ ನೋಡಿರದ ಯಂತ್ರದ ಸೌಂಡ್ ಕಾರ್ಡು, ವಿಡಿಯೊ ಕಾರ್ಡುಗಳನ್ನು ತಾನಾಗಿ ಗುರುತಿಸಿಕೊಂಡದ್ದು. ನೆಲವೊಂದನ್ನು ಬಿಟ್ಟು ಡೇರೆ, ಪರದೆ, ಪ್ರೊಜೆಕ್ಟರು ಎಲ್ಲವನ್ನೂ ಹೊತ್ತು ತರುತ್ತಿದ್ದ ಟೂರಿಂಗ್ ಟಾಕೀಸಿನ ರೀತಿ ಇದು. ನಮ್ಮಲ್ಲಿ ಲಿನಕ್ಸ್ ಹರಡಿದ್ದೇ ತಟ್ಟೆಗಳ ಮೂಲಕ. 'ಪಿಸಿ ಕ್ವೆಸ್ಟ್' ಪತ್ರಿಕೆಯ ಜೊತೆ ಬಂದ ಸಿಡಿಗಳ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ಆರಂಭವಾಗಿ ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿದ ಲಿನಕ್ಸ್ ಬೆಂಗಳೂರು ಸಮ್ಮೇಳನದ ಹಿಂದೆಯೂ ಅವರೇ. ಆಮೇಲೆ ಉಬುಂಟು ಎಂಬ ಲಿನಕ್ಸ್ ಆವೃತ್ತಿ, ಕೇಳಿದವರ ವಿಳಾಸಕ್ಕೆ 2011ರವರೆಗೆ ಪುಕ್ಕಟೆಯಾಗಿ ತಟ್ಟೆ ಕಳಿಸಿತು. ಸರಿಯಾದ ಇಂಟರ್‌ನೆಟ್ಟಿಲ್ಲದ ಊರಿಗೂ ಅಂಚೆಯಣ್ಣ ಬರುತ್ತಿದ್ದನಲ್ಲ! ತಟ್ಟೆಯ ಕೊರತೆ ಒಂದೇ: ಅದರ ಮೇಲೆ ಬರೆಯಲಾಗದು. ಯಂತ್ರ ಆರಿಸಿದರೆ ಮಾಡಿದ ಕೆಲಸವೂ ಆರಿಹೋಗುತ್ತಿತ್ತು.

2000ದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಐಬಿಎಂನ ಪೆನ್‌ಡ್ರೈವಿನಲ್ಲಿ ಹಿಡಿಯುತ್ತಿದ್ದದ್ದು 8 ಎಂಬಿ. ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಆ ಗತಿಯಲ್ಲಿ ಡೆಸ್ಕ್‌ಟಾಪ್ ಏಳುವುದೆಂದರೆ ಕಾದು ಕೂರುವ ಕೆಲಸ. 480 ಮೆಗಾಬಿಟ್‌ನ ಯುಎಸ್‌ಬಿ 2.0 ಮನೆಮಾತಾಗುವವರೆಗೆ 50 ಎಂಬಿಯ ಡ್ಯಾಮ್ ಸ್ಮಾಲ್ ಲಿನಕ್ಸ್, ಪೂರ್ತಿ ರ‍್ಯಾಮಿಗೆ ಏರಿ ಕೂರುವ ಪಪ್ಪಿ ಲಿನಕ್ಸ್‌ನಂಥ ಕಿರುವ್ಯವಸ್ಥೆಗಳೇ ಗತಿ. 2008ರ ಫೆಡೋರಾ 9 ಪೆನ್‌ಡ್ರೈವಿನಲ್ಲೇ ಬದಲಾವಣೆ ಉಳಿಸಿಕೊಳ್ಳುವುದನ್ನು ಸಾಮಾನ್ಯರಿಗೆ ಎಟುಕಿಸಿತು. ಉಪಾಯ ಸರಳ: ಕುಗ್ಗಿಸಿಟ್ಟ ಮೂಲ ವ್ಯವಸ್ಥೆಯನ್ನು ಯಾರೂ ಮುಟ್ಟುವುದಿಲ್ಲ, ಬಳಕೆದಾರ ಮಾಡಿದ ಬದಲಾವಣೆಗಳೆಲ್ಲ ಅದರ ಮೇಲಿನ ಇನ್ನೊಂದು ಪದರದಲ್ಲಿ ಕೂರುತ್ತವೆ. ಹೇಳದೆ ಕೇಳದೆ ಕರೆಂಟು ಹೋಗುವ ಕಡೆ ಇದರ ಬೆಲೆ ಹೆಚ್ಚು. ಮೇಲಿನ ಪದರ ಕೆಟ್ಟರೂ ಕೆಳಗಿನದು ಹಾಗೇ ಉಳಿದಿರುತ್ತದೆ, ಯಂತ್ರ ಮತ್ತೆ ಏಳುತ್ತದೆ. ಪೆನ್‌ಡ್ರೈವ್ ಸಿದ್ಧಮಾಡಿಕೊಡುವ ಯುನೆಟ್‌ಬೂಟಿನ್, ರೂಫಸ್, 2020ರ ವೆಂಟಾಯ್‌ಗಳು ಆಮೇಲೆ ಕೆಲಸವನ್ನು ಸಲೀಸು ಮಾಡಿದವು, ಅಷ್ಟೆ.

ಕನ್ನಡದ ಮಾತಿಗೆ ಬರೋಣ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮನ್ನು ಕೈಹಿಡಿದು ನಡೆಸಿದವು, ಸುಳ್ಳಲ್ಲ. ಆದರೆ ಆ ಕಾಲದ ಕಡತವನ್ನು ಅದರ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದದ್ದು ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ ಬಂದ ಮೇಲೂ ವಿಂಡೋಸ್ ಎಕ್ಸ್‌ಪಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಭಾರತೀಯ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಸೈಬರ್ ಕೆಫೆಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಕೊಡುವವರು ಯಾರು? ಲೋಹಿತ್‌ನಂಥ ಮುಕ್ತ ಫಾಂಟನ್ನೂ ಕೀಲಿಮಣೆ ವಿನ್ಯಾಸವನ್ನೂ ಒಳಗಿಟ್ಟುಕೊಂಡು ಸಿಡಿ ಅಥವಾ ಪೆನ್‌ಡ್ರೈವಿನಿಂದಲೇ ಓಡುವ ಲೈವ್ ವ್ಯವಸ್ಥೆ ಆ ಪಾಸ್‌ವರ್ಡನ್ನು ಕೇಳಲೇ ಇಲ್ಲ; ಪರರ ಯಂತ್ರಕ್ಕೆ ಲಿಪಿಯನ್ನು ತಾನೇ ಹೊತ್ತು ತಂದಿತು. ಸಂಸ್ಥೆಗಳು ಮನಸ್ಸು ಮಾಡಿದ ಕಡೆ ಇದು ಇನ್ನೂ ದೂರ ಹೋಗಿದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿ ರೂಪಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯ ಕನ್ನಡದಲ್ಲೇ ಸಿಗುತ್ತದೆ. ಕರ್ನಾಟಕದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಯಿತು. ನೆರೆರಾಜ್ಯದಲ್ಲಿ ಸರ್ಕಾರದ ನೀತಿಯೇ ಆದದ್ದು ನಮ್ಮಲ್ಲಿ ಕಾರ್ಯಕ್ರಮವಾಗಿ ಉಳಿಯಿತು ಎನ್ನದೆ ವಿಧಿಯಿಲ್ಲ.

2012ರಲ್ಲಿ ಎರಡು ಬೆಳವಣಿಗೆಗಳು ಒಟ್ಟಿಗೇ ಬಂದವು. ಒಂದು, ವಿಂಡೋಸ್ 8ರ ದೊಡ್ಡ ಸಂಸ್ಥೆಗಳ ಆವೃತ್ತಿಯಲ್ಲಿ ಪೆನ್‌ಡ್ರೈವಿನಿಂದಲೇ ಓಡುವ 'ವಿಂಡೋಸ್ ಟು ಗೋ'. ಇದನ್ನು ಮೈಕ್ರೋಸಾಫ್ಟ್ 2020ರಲ್ಲಿ ಕೈಬಿಟ್ಟಿತು. ಇನ್ನೊಂದು ಸೆಕ್ಯೂರ್ ಬೂಟ್: ನಂಬಿಕಸ್ಥರ ಸಹಿ ಇಲ್ಲದ ವ್ಯವಸ್ಥೆಯನ್ನು ಯಂತ್ರ ಎಬ್ಬಿಸುವುದೇ ಇಲ್ಲ. ಬಹುಪಾಲು ಪಿಸಿಗಳಲ್ಲಿ ಆ ಸಹಿ ಮೈಕ್ರೋಸಾಫ್ಟಿನದು. ಲಿನಕ್ಸ್ ಕೂಡ ಅದರಿಂದ ಸಹಿ ಹಾಕಿಸಿಕೊಂಡ 'ಶಿಮ್' ಎಂಬ ಕಿರುತಂತ್ರಾಂಶದ ಮೂಲಕವೇ ಒಳಬರಬೇಕು. ವಿಂಡೋಸ್ 8ರ ಕಾಲದಲ್ಲಿ ಸಾಮಾನ್ಯ ಪಿಸಿಯಲ್ಲಿ ಈ ಬೀಗವನ್ನು ತೆಗೆಯುವ ಅವಕಾಶ ಬಳಕೆದಾರನಿಗೆ ಇರಲೇಬೇಕಿತ್ತು. ವಿಂಡೋಸ್ 10ರಲ್ಲಿ ಅದು ತಯಾರಕರ ಇಚ್ಛೆಗೆ ಹೋಯಿತು. ಇದೆಲ್ಲ ಸುರಕ್ಷತೆಗಾಗಿ ಎಂಬ ವಾದವನ್ನು ತಳ್ಳಿಹಾಕಲಾಗದು. ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದವನು ಒಳಗಿನ ಡಿಸ್ಕನ್ನು ಓದಬಲ್ಲ, ಪಂಚಾಯಿತಿ ದಾಖಲೆಯಾದರೂ ಸರಿ, ಪ್ರಶ್ನೆಪತ್ರಿಕೆಯಾದರೂ ಸರಿ. ಆದರೆ ಅದಕ್ಕೆ ತಕ್ಕ ಮದ್ದು ಡಿಸ್ಕಿನ ಗೂಢಲಿಪೀಕರಣ. ಸಹಿಯುಳ್ಳ ಲಿನಕ್ಸನ್ನು ಸೆಕ್ಯೂರ್ ಬೂಟ್ ತಾನೇ ಒಳಬಿಡುತ್ತದೆ. ಸಹಿಯೂ ಅಭೇದ್ಯವೇನಲ್ಲ: 2023ರಲ್ಲಿ ಬೆಳಕಿಗೆ ಬಂದ ಬ್ಲ್ಯಾಕ್‌ಲೋಟಸ್ ಮಾಲ್‌ವೇರ್, ಸಹಿಯಿದ್ದೂ ದೋಷವಿದ್ದ ಹಳೆಯ ವಿಂಡೋಸ್ ಬೂಟ್ ತಂತ್ರಾಂಶವನ್ನೇ ಹಿಡಿದು ಒಳನುಗ್ಗಿತ್ತು.

ಫೋನೇ ಎಲ್ಲವನ್ನೂ ಮಾಡುವಾಗ ಈ ರಗಳೆ ಯಾಕೆ ಎಂದೂ ಕೇಳುವವರಿದ್ದಾರೆ. ಅರ್ಜಿ ತುಂಬಲು, ಹಣ ಕಳಿಸಲು ಫೋನು ಸಾಕು. ನೂರು ಪುಟದ ಕನ್ನಡ ದಸ್ತಾವೇಜು ತಿದ್ದಲು ಸಾಲದು, ಅದಕ್ಕೆ ಕಂಪ್ಯೂಟರೇ ಬೇಕು. ಆದರೆ ಇರುವ ಕಂಪ್ಯೂಟರುಗಳು ಹಳತಾಗುತ್ತಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಹೋಬಳಿಯ ಶಾಲೆಯೋ ಸಂಘವೋ ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ, ಡಿಸ್ಕಿನ ಒಂದಕ್ಷರವನ್ನೂ ಅಳಿಸದೆ, ಪ್ರಿಂಟರು, ವೈಫೈ, ಕನ್ನಡ ಟೈಪಿಂಗ್ ಮೂರೂ ನಡೆಯುತ್ತವೆಯೇ ಎಂದು ಪೆನ್‌ಡ್ರೈವಿನಿಂದ ಪರೀಕ್ಷಿಸಿ ನೋಡಬಹುದು. ಎಲ್ಲವೂ ನಡೆಯುವುದಿಲ್ಲ: ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರದ ತಂತ್ರಾಂಶ, ಬೆರಳಗುರುತು ಓದುವ ಕೆಲವು ಯಂತ್ರಗಳು ಮುಷ್ಕರ ಹೂಡುತ್ತವೆ. ಅಗ್ಗದ ಪೆನ್‌ಡ್ರೈವು ಚೂರುಪಾರು ಬರೆಯುವುದರಲ್ಲಿ ನಿಧಾನ, ಬೇಗ ಸವೆಯುತ್ತದೆ ಕೂಡ. ದಿನನಿತ್ಯದ ಬಳಕೆಗೆ ಯುಎಸ್‌ಬಿ ಎಸ್‌ಎಸ್‌ಡಿಯೇ ಲೇಸು. ಇಷ್ಟೆಲ್ಲ ಕೈಗೂಡಿದರೂ ಬೂಟ್ ಮೆನುವಿಗೆ ಯಾರೋ ಪಾಸ್‌ವರ್ಡ್ ಹಾಕಿ ಹೋಗಿದ್ದರೆ ಅಲ್ಲಿಗೆ ಮುಗಿಯಿತು. ಸಾರ್ವಜನಿಕ ದುಡ್ಡಿನಲ್ಲಿ ಕಂಪ್ಯೂಟರ್ ಕೊಳ್ಳುವ ಟೆಂಡರುಗಳು ರ‍್ಯಾಮು, ಡಿಸ್ಕಿನ ಅಳತೆಯ ಜೊತೆಗೆ ಆ ಪಾಸ್‌ವರ್ಡು ಕೊಂಡ ಶಾಲೆಯ ಕೈಗೇ ಸೇರಬೇಕೆಂಬ ಒಂದು ಸಾಲನ್ನೂ ಬರೆದುಕೊಳ್ಳಬೇಕು.