ಹಂಪಿಯ ‘ಹಿಪ್ಪಿ ಐಲ್ಯಾಂಡ್’ಗೆ ಏನಾಯ್ತು?

ವೈಟ್‌ಫೀಲ್ಡ್‌ನಿಂದ ಶುಕ್ರವಾರ ರಾತ್ರಿ ಹಂಪಿ ಬಸ್ ಹತ್ತೋ ಗೆಳೆಯರೇ, ಈ ಕಥೆ ನಿಮಗೇ. ಹಂಪಿ 1986ರಲ್ಲೇ ವಿಶ್ವ ಪರಂಪರೆ ತಾಣ ಆಯ್ತು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ ಮಾತ್ರ ಗೆಸ್ಟ್‌ಹೌಸ್, ಕೆಫೆ, ರಾತ್ರಿ ಸಂಗೀತಕ್ಕೆ ಫೇಮಸ್ ಆಗಿತ್ತು.

2011ರಲ್ಲಿ ಹಂಪಿ ಬಜಾರ್‌ನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನ ತೆರವು ಮಾಡಿದ್ರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ಗಡ್ಡೆಯ ಕಟ್ಟಡಗಳು ಅಕ್ರಮ. ಮಾರ್ಚ್‌ನಲ್ಲಿ ಅವನ್ನೂ ಕೆಡವಿದ್ರು.

ಕ್ರೊಯೇಷಿಯಾದ ಸ್ಪ್ಲಿಟ್ ನಗರವೂ ವಿಶ್ವ ಪರಂಪರೆ ತಾಣವೇ. ಅಲ್ಲಿ 1,700 ವರ್ಷ ಹಳೆಯ ರೋಮನ್ ಅರಮನೆಯ ಗೋಡೆಗಳೊಳಗೇ ಜನ ವಾಸ ಇದ್ದಾರೆ. ಹಾಸ್ಟೆಲ್, ಬಾರ್ ಕೂಡ ಇವೆ.

ಸ್ಮಾರಕ ಉಳಿಯಲೇಬೇಕು, ಸರಿ. ಆದ್ರೆ ಅದರ ಪಕ್ಕದಲ್ಲೇ ಬದುಕು ಕಟ್ಟಿಕೊಂಡಿದ್ದ ಅಡುಗೆಯವರು, ಅಂಗಡಿಯವರು ಎಲ್ಲಿಗೆ ಹೋಗಬೇಕು? ಹಂಪಿಯಲ್ಲಿ ಈ ಪ್ರಶ್ನೆ ಇನ್ನೂ ಉಳಿದಿದೆ.