ಕಡಲ ತಳ ಯಾರದು?

ವಿಶ್ವಸಂಸ್ಥೆಯ ಸನ್ನದಿನಲ್ಲಿ ಒಂದು ವಿಧಿಯುಂಟು: ಮಹಾಸಭೆಯಲ್ಲಿ ಪ್ರತಿಯೊಂದು ಸದಸ್ಯರಾಷ್ಟ್ರಕ್ಕೂ ಒಂದೇ ಮತ. ಕೋಟ್ಯಂತರ ಪ್ರಜೆಗಳುಳ್ಳ ರಾಜ್ಯಕ್ಕೂ ಅಂಗೈಯಗಲದ ನಾಡಿಗೂ ಅಲ್ಲಿ ಸಮನಾದ ತೂಕ. ಇದು ಹೆಸರಿನ ಸಮಾನತೆ ಮಾತ್ರ, ಲೋಕದ ವ್ಯವಹಾರವನ್ನು ನಡೆಸುವವರು ಬಲಿಷ್ಠರೇ ಎನ್ನುವವರು ಬಹಳ ಮಂದಿ. ಆ ಮಾತು ಸುಳ್ಳೆಂದು ನಾನು ವಾದಿಸಲಾರೆ. ಆದರೆ ಅದು ಪೂರ್ತಿ ನಿಜವೂ ಅಲ್ಲವೆಂಬುದಕ್ಕೆ ಮಾಲ್ಟಾ ದೇಶದ ಇತಿಹಾಸ ಸಾಕ್ಷಿಯಾಗಿದೆ.

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಈ ದ್ವೀಪಗಳ ವಿಸ್ತೀರ್ಣ ಎಲ್ಲ ಸೇರಿ 316 ಚದರ ಕಿಲೋಮೀಟರು. ಫಿನೀಷಿಯನ್ನರು, ರೋಮನ್ನರು, ಅರಬರು, ಕೊನೆಗೆ ಬ್ರಿಟಿಷರು—ಕಡಲಿನ ಮೇಲೆ ಯಾರ ಕೈ ಮೇಲಾಯಿತೋ ಅವರೇ ಮಾಲ್ಟಾದ ಒಡೆಯರಾದರು. 1964ರ ಸೆಪ್ಟೆಂಬರಿನಲ್ಲಿ ಅದು ಸ್ವತಂತ್ರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯನ್ನು ಸೇರಿತು. ಕಡಲಾಳುವವರ ಕೆಳಗೆ ಶತಮಾನಗಳನ್ನು ಕಳೆದ ಆ ನಾಡು, ಮೂರೇ ವರ್ಷಗಳಲ್ಲಿ ಕಡಲನ್ನು ಕುರಿತೇ ಒಂದು ಪ್ರಶ್ನೆಯನ್ನು ಲೋಕದ ಮುಂದಿಟ್ಟಿತು.

ಆ ಪ್ರಶ್ನೆಯ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಡಚ್ ನ್ಯಾಯವೇತ್ತ ಗ್ರೋಷಿಯಸ್ 1609ರಲ್ಲಿಯೇ ಸಮುದ್ರ ಯಾರ ಸ್ವತ್ತೂ ಅಲ್ಲವೆಂದು ವಾದಿಸಿದ್ದ. ಹಡಗು ಓಡಿಸುವುದಕ್ಕೆ, ಮೀನು ಹಿಡಿಯುವುದಕ್ಕೆ ಆ ತತ್ತ್ವ ಬಹುಕಾಲ ಸಾಕಾಯಿತು. ಆದರೆ ನೀರಿನ ಕೆಳಗಣ ನೆಲದಲ್ಲಿ ಎಣ್ಣೆಯುಂಟೆಂದು ತಿಳಿದ ಮೇಲೆ ಮಾತು ಬದಲಾಯಿತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ತಮ್ಮ ತೀರದಾಚೆಯ ಖಂಡದಂಚಿನ ಸಂಪತ್ತು ತಮ್ಮದೆಂದು ಸಾರಿದರು. ಬೇರೆ ರಾಷ್ಟ್ರಗಳೂ ಅದೇ ದಾರಿ ಹಿಡಿದವು. 1958ರ ಜಿನೀವಾ ಒಡಂಬಡಿಕೆ ಆ ಹಕ್ಕಿಗೆ 200 ಮೀಟರ್ ಆಳದ ಮಿತಿ ಹಾಕಿತು. ಆದರೆ ಅದಕ್ಕೊಂದು ಬಾಲವನ್ನೂ ಸೇರಿಸಿತು: ಅದಕ್ಕಿಂತ ಆಳದಲ್ಲಿಯೂ ಸಂಪತ್ತನ್ನು ಹೊರತೆಗೆಯಲು ಸಾಧ್ಯವಾದಷ್ಟು ದೂರ ಹಕ್ಕು ಸಲ್ಲುತ್ತದೆ! ಯಾರ ಯಂತ್ರ ಆಳಕ್ಕಿಳಿಯಬಲ್ಲದೋ ಅವರಿಗೆ ಸಾಗರದ ನಡುವಿನವರೆಗೂ ಬಾಗಿಲು ತೆರೆದಂತಾಯಿತು.

ಈ ಬಿರುಕನ್ನು ಕಂಡು ಎತ್ತಿ ತೋರಿಸಿದವರು ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೊ. 1967ರ ನವೆಂಬರ್ 1ರಂದು ಮಹಾಸಭೆಯ ಪ್ರಥಮ ಸಮಿತಿಯಲ್ಲಿ ಬೆಳಗ್ಗೆ ಭಾಷಣವನ್ನಾರಂಭಿಸಿ ಮಧ್ಯಾಹ್ನವೂ ಮುಂದುವರಿಸಿದರು. ಸಾಗರತಳದಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಬೆರೆತ ಗಂಟುಗಳು ಹರಡಿವೆ. ತಡೆಯದಿದ್ದರೆ ಬಲಿಷ್ಠರು ಅದನ್ನು ಹಂಚಿಕೊಳ್ಳುತ್ತಾರೆ, ಅಲ್ಲಿ ಶಸ್ತ್ರಗಳನ್ನೂ ಇಡುತ್ತಾರೆ ಎಂದು ವಿವರಿಸಿದರು. ರಾಷ್ಟ್ರಗಳ ಅಧಿಕಾರಕ್ಕೆ ಒಳಪಡದ ಕಡಲ ತಳವು ಮಾನವಕುಲದ ಸಾಮಾನ್ಯ ಪಿತ್ರಾರ್ಜಿತವಾಗಬೇಕು. ಅದರ ಲಾಭದಲ್ಲಿ ಬಡ ರಾಷ್ಟ್ರಗಳಿಗೆ ಮೊದಲ ಪಾಲು ಸಲ್ಲಬೇಕು ಎಂಬುದು ಅವರ ಸೂಚನೆ.

ಇದೇ ಮಾತನ್ನು ಒಂದು ಮಹಾರಾಷ್ಟ್ರ ಆಡಿದ್ದರೆ, ಇದರ ಹಿಂದೆ ಏನೋ ಹೂಟವಿದೆಯೆಂದು ಎದುರುಪಕ್ಷ ಕೂಡಲೇ ಶಂಕಿಸುತ್ತಿತ್ತು ಎಂದು ನನಗೆ ತೋರುತ್ತದೆ. ಮಾಲ್ಟಾಕ್ಕೆ ಸಾಗರತಳವನ್ನು ಅಗೆಯುವ ಯಂತ್ರವೂ ಇರಲಿಲ್ಲ, ಕಾಯುವ ನೌಕಾಬಲವೂ ಇರಲಿಲ್ಲ. ಅದರ ಬಡತನವೇ ಅದರ ಮಾತಿಗೆ ಬೆಲೆ ತಂದಿತು. ಅದೇ ಡಿಸೆಂಬರಿನಲ್ಲಿ ಒಂದು ಸಮಿತಿ ನೇಮಕವಾಯಿತು. 1970ರಲ್ಲಿ ಪಾರ್ಡೊರ ತತ್ತ್ವವನ್ನು ಮಹಾಸಭೆ 108 ಮತಗಳಿಂದ ಘೋಷಿಸಿತು. 14 ರಾಷ್ಟ್ರಗಳು ತಟಸ್ಥವಾಗಿದ್ದವೇ ಹೊರತು ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. 1973ರಿಂದ 1982ರವರೆಗೆ ನಡೆದ ಸಮ್ಮೇಳನದ ಫಲವಾಗಿ ಸಮುದ್ರ ಕಾನೂನಿನ ಒಡಂಬಡಿಕೆ ಹುಟ್ಟಿತು.

ಆದರೆ ಬೀಜ ಬಿತ್ತಿದವನಿಗೆ ಬೆಳೆಯ ಮೇಲೆ ಹಿಡಿತವಿರುವುದಿಲ್ಲ. ಅದೇ ಸಮ್ಮೇಳನದಲ್ಲಿ ತೀರರಾಷ್ಟ್ರಗಳು ತಲಾ 200 ಸಮುದ್ರಮೈಲಿಗಳ ಆರ್ಥಿಕ ವಲಯವನ್ನು ಪಡೆದುಕೊಂಡವು. ಹೀಗೆ ಪಡೆದವರಲ್ಲಿ ಬಡ ರಾಷ್ಟ್ರಗಳೂ ಇದ್ದವು. ನಮ್ಮ ದೇಶವೂ 1976ರಲ್ಲಿಯೇ ಇಂಥ ಕಾಯಿದೆ ಮಾಡಿತ್ತು. ಮೀನು, ಎಣ್ಣೆಗಳ ಬಹುಪಾಲು ದೊರೆಯುವುದು ತೀರಕ್ಕೆ ಸಮೀಪದಲ್ಲಿಯೇ. ಎಲ್ಲರೂ ಕೊಂಡೊಯ್ದು ಮಿಕ್ಕಿದ್ದೇ ಎಲ್ಲರ ಪಿತ್ರಾರ್ಜಿತವಾಯಿತು! ಅಮೆರಿಕ 1982ರಲ್ಲಿ ಒಡಂಬಡಿಕೆಗೆ ವಿರೋಧವಾಗಿ ಮತ ಹಾಕಿತು. ಶ್ರೀಮಂತ ರಾಷ್ಟ್ರಗಳನ್ನು ಒಲಿಸಲು 1994ರಲ್ಲಿ ಮತ್ತೊಂದು ಒಪ್ಪಂದದ ಮೂಲಕ ಸಾಗರತಳದ ನಿಯಮಗಳನ್ನು ಸಡಿಲಿಸಿದ ಮೇಲೆಯೇ ಅದು ಜಾರಿಗೆ ಬಂದದ್ದು. ಪಾರ್ಡೊರಾದರೂ 1971ರಲ್ಲಿ ಮಾಲ್ಟಾದ ಸರ್ಕಾರ ಬದಲಾದ ಮೇಲೆ ರಾಯಭಾರಿಯಾಗಿ ಉಳಿಯಲಿಲ್ಲ. ಅಮೆರಿಕದಲ್ಲಿ ಅಧ್ಯಾಪನ ಕೈಗೊಂಡು, 1999ರಲ್ಲಿ ತೀರಿಕೊಂಡರು.

ಹಾಗಾದರೆ ಆ ಭಾಷಣ ವ್ಯರ್ಥವಾಯಿತೆ? ಇಲ್ಲವೆಂದೇ ನನ್ನ ಅಭಿಪ್ರಾಯ. ಹಿಂದೂಮಹಾಸಾಗರದ ಮಧ್ಯದ ಗಂಟುಗಳನ್ನು ಶೋಧಿಸಬೇಕೆಂದಾಗ ಭಾರತವು ಅದು ತನ್ನದೆಂದು ಧ್ವಜ ನೆಡಲಿಲ್ಲ. ಒಡಂಬಡಿಕೆಯ ಏರ್ಪಾಟಿನಂತೆ ಅರ್ಜಿ ಸಲ್ಲಿಸಿ 1987ರಲ್ಲಿ ಮಾನ್ಯತೆ ಪಡೆಯಿತು. 2002ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ ಕರಾರು ಮಾಡಿಕೊಂಡಿತು. ಕೇಳಿ ಪಡೆಯಬೇಕಾದ ಒಂದು ಕಚೇರಿಯಾದರೂ ಈಗ ಇದೆ. ಮಾಲ್ಟಾವೂ ಸುಮ್ಮನಿರಲಿಲ್ಲ: 1988ರಲ್ಲಿ ಭೂಮಿಯ ಹವಾಮಾನದ ರಕ್ಷಣೆಯ ವಿಷಯವನ್ನು ಮಹಾಸಭೆಯ ಮುಂದೆ ತಂದದ್ದೂ ಅದೇ.

ಸಣ್ಣ ರಾಷ್ಟ್ರ ತಾನು ಕೇಳಿದ್ದನ್ನೆಲ್ಲ ಪಡೆಯಲಾರದು. ಆದರೆ ಯಾರೂ ಕೇಳದ ಪ್ರಶ್ನೆಯನ್ನು ಅದು ಕೇಳಬಲ್ಲದು. ಒಮ್ಮೆ ಸಭೆಯ ದಾಖಲೆಗೆ ಸೇರಿದ ಪ್ರಶ್ನೆಯನ್ನು ಎಷ್ಟೇ ಬಲಿಷ್ಠರಾದರೂ ಕೇಳಲೇ ಇಲ್ಲವೆನ್ನುವಂತಿಲ್ಲ. ಒಂದು ರಾಷ್ಟ್ರಕ್ಕೆ ಒಂದು ಮತ ಎಂಬ ವಿಧಿಗೆ ಇಷ್ಟಾದರೂ ಅರ್ಥವಿದೆ.