ಯಾರ ಮೂಲಕ? ಯಾಜಕನ ವಿಜ್ಞಾಪನೆ, ವಿಶ್ವಾಸಿಯ ಪ್ರಾರ್ಥನೆ

ಕನ್ನಡದ ಕ್ರೈಸ್ತ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿಯುವ ಮಾತು ಹೆಚ್ಚುಕಡಿಮೆ ಒಂದೇ. ಕಥೋಲಿಕರ ಮನೆಯಾದರೆ ‘ಪ್ರಭು ಕ್ರಿಸ್ತರ ಮೂಲಕ’, ಪ್ರಾಟೆಸ್ಟಂಟರ ಮನೆಯಾದರೆ ‘ಯೇಸುವಿನ ನಾಮದಲ್ಲಿ’. ಆಮೇಲೆ ಆಮೆನ್. ಬಾಯಿಪಾಠವಾಗಿ ಹೋದ ಆ ಕೊನೆಯ ಮಾತಿನಲ್ಲೇ ಕ್ರೈಸ್ತ ಪ್ರಾರ್ಥನೆಯ ಸಿದ್ಧಾಂತವೆಲ್ಲ ಅಡಗಿದೆ. ದೇವರ ಮುಂದೆ ನಿಲ್ಲುವವರು ಯಾರು, ಯಾರ ಮೂಲಕ ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ಸಭೆ ಎರಡು ಸಾವಿರ ವರ್ಷ ಉತ್ತರ ಹುಡುಕಿದೆ. ನಡುನಡುವೆ ಸಿಕ್ಕ ಉತ್ತರವನ್ನು ಮರೆತೂ ಇದೆ.

ಕಥೆ ಶುರುವಾಗುವುದು ಒಂದು ಉಡುಪಿನಿಂದ. ವಿಮೋಚನಕಾಂಡದ 28ನೇ ಅಧ್ಯಾಯದಲ್ಲಿ ಮಹಾಯಾಜಕ ಆರೋನನ ವಸ್ತ್ರಗಳ ವಿವರ ಬರುತ್ತದೆ. ಎರಡು ಹೆಗಲ ಮೇಲೆ ಎರಡು ಕಲ್ಲು, ಒಂದೊಂದರಲ್ಲಿ ಆರಾರು ಕುಲಗಳ ಹೆಸರು. ಎದೆಯ ಪದಕದಲ್ಲಿ ಹನ್ನೆರಡು ರತ್ನ, ಒಂದೊಂದಕ್ಕೆ ಒಂದೊಂದು ಕುಲದ ಹೆಸರು. ಜನರ ಹೆಸರನ್ನು ಹೆಗಲ ಮೇಲೂ ಎದೆಯ ಮೇಲೂ ಹೊತ್ತು ದೇವರ ಸನ್ನಿಧಿಗೆ ಹೋಗುವವನೇ ಯಾಜಕ. ಇದಕ್ಕಿಂತ ಚೆಂದದ ವ್ಯಾಖ್ಯಾನವನ್ನು ನಾನು ಯಾವ ದೇವಶಾಸ್ತ್ರಜ್ಞನಲ್ಲೂ ಕಂಡಿಲ್ಲ. ಆದರೆ ಯಾಜಕಕಾಂಡದ 16ನೇ ಅಧ್ಯಾಯ ಇದರ ಮಿತಿಯನ್ನೂ ಹೇಳುತ್ತದೆ. ಮಹಾಯಾಜಕ ತೆರೆಯ ಒಳಗೆ ಹೋಗುವುದು ವರ್ಷಕ್ಕೊಂದು ದಿನ, ಅದೂ ಮೊದಲು ತನ್ನ ಪಾಪಕ್ಕೆ ಪರಿಹಾರ ಮಾಡಿಕೊಂಡು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ಆ ಸೇವೆ ನಿಂತುಹೋಯಿತು.

ಇಬ್ರಿಯರಿಗೆ ಬರೆದ ಪತ್ರಿಕೆ ಈ ಚಿತ್ರವನ್ನು ಯೇಸುವಿಗೆ ಹೊಂದಿಸುತ್ತದೆ. ಯೇಸು ಯಾಜಕರು ಬರುತ್ತಿದ್ದ ಲೇವಿ ಕುಲದವನಲ್ಲ, ಯೂದ ಕುಲದವನು ಎಂಬ ತೊಡಕನ್ನು ಲೇಖಕ ಮುಚ್ಚಿಡದೆ, ಅಬ್ರಹಾಮನ ಕಾಲದ ಯಾಜಕ ಮೆಲ್ಕಿಚೆದೇಕನ ತರದ ಬೇರೆಯೇ ಯಾಜಕತ್ವವೊಂದನ್ನು ಮುಂದಿಡುತ್ತಾನೆ. ಈ ಪತ್ರಿಕೆಯಲ್ಲಿ ಎರಡು ವಿಷಯಗಳು ಒಟ್ಟಿಗೆ ನಿಲ್ಲುತ್ತವೆ: ಯೇಸು ಭೂಮಿಯಲ್ಲಿದ್ದಾಗ ಕಣ್ಣೀರಿಟ್ಟು ಪ್ರಾರ್ಥಿಸಿದವನು, ಈಗಲೂ ತನ್ನವರಿಗಾಗಿ ವಿಜ್ಞಾಪನೆ ಮಾಡುತ್ತಾ ಬದುಕಿರುವವನು. ಆದ್ದರಿಂದಲೇ ವಿಶ್ವಾಸಿ ಅಂಜದೆ ಹತ್ತಿರ ಬರಬಹುದು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿ ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ ಎಂಬ ಮಾತಿದೆ. ಅದನ್ನು ವಾದಕ್ಕೆ ಬಳಸುವವರು ಅದೇ ಅಧ್ಯಾಯ ಹೇಗೆ ಆರಂಭವಾಗುತ್ತದೆಂದು ನೋಡಬೇಕು. ಅರಸರಿಂದ ಹಿಡಿದು ಎಲ್ಲರಿಗಾಗಿಯೂ ವಿಜ್ಞಾಪನೆ ಮಾಡಿರಿ ಎಂದು ಅಲ್ಲಿ ವಿಶ್ವಾಸಿಗಳಿಗೇ ಹೇಳಿದೆ. ಮಧ್ಯಸ್ಥನು ಒಬ್ಬ, ವಿಜ್ಞಾಪನೆ ಎಲ್ಲರದು. ಮುಂದಿನ ಚರಿತ್ರೆಯೆಲ್ಲ ಈ ಎರಡನ್ನೂ ಒಟ್ಟಿಗೆ ಹಿಡಿಯಲು ಪಟ್ಟ ಪಾಡು.

ಮೊದಲ ಶತಮಾನಗಳಲ್ಲಿ ಹಿಡಿತ ಗಟ್ಟಿಯಾಗಿತ್ತು. ಸುಮಾರು 155ರಲ್ಲಿ ಬರೆದ ಜಸ್ಟಿನ್ ಮಾರ್ಟರ್, ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನು ಸೋದರರ ಸಭೆಗೆ ಕರೆತಂದು ಎಲ್ಲರೂ ಸೇರಿ ಪ್ರಾರ್ಥಿಸುತ್ತಿದ್ದುದನ್ನು ವಿವರಿಸುತ್ತಾನೆ. ದೀಕ್ಷಾಸ್ನಾನ ಆಗದವರಿಗೆ ಆ ಪ್ರಾರ್ಥನೆಯಲ್ಲಿ ಪಾಲಿರಲಿಲ್ಲ, ಏಕೆಂದರೆ ಅದು ಯಾಜಕ ಜನಾಂಗದ ಕೆಲಸ. ಅಲೆಕ್ಸಾಂಡ್ರಿಯದ ಓರಿಜೆನ್ ಸುಮಾರು 234ರಲ್ಲಿ ಪ್ರಾರ್ಥನೆಯ ಬಗ್ಗೆ ಬರೆಯುತ್ತಾ, ಪ್ರಾರ್ಥನೆ ಸಲ್ಲಬೇಕಾದದ್ದು ತಂದೆಗೆ, ಮಹಾಯಾಜಕನಾದ ಕ್ರಿಸ್ತನ ಮೂಲಕ ಎಂದು ಪಟ್ಟು ಹಿಡಿದ. ಕಾರ್ಥೇಜಿನ ಸಿಪ್ರಿಯನ್, ಕರ್ತನ ಪ್ರಾರ್ಥನೆಯಲ್ಲಿ ‘ನನ್ನ’ ಎಂಬುದಿಲ್ಲ, ‘ನಮ್ಮ’ ಎಂಬುದೇ ಇದೆ ಎಂದು ತೋರಿಸಿಕೊಟ್ಟ. ಬಿಷಪನನ್ನು ಯಾಜಕನೆಂದು ಕರೆಯುವ ರೂಢಿ ಬಲವಾಗಿ ಬೇರೂರಿದ್ದೂ ಇದೇ ಸಿಪ್ರಿಯನ್ನನ ಬರಹಗಳಲ್ಲಿ.

ತಿರುವು ಬಂದದ್ದು 4ನೇ ಶತಮಾನದಲ್ಲಿ, ಅದೂ ವ್ಯಾಕರಣದ ಒಂದು ಜಗಳದಲ್ಲಿ. ಮಗನು ತಂದೆಗಿಂತ ಕೆಳಗಿನವನು ಎಂದು ವಾದಿಸುತ್ತಿದ್ದ ಆರಿಯನರು ‘ಮಗನ ಮೂಲಕ’ ಎಂಬ ಹಳೆಯ ಸ್ತುತಿವಾಕ್ಯವನ್ನೇ ಸಾಕ್ಷಿಯಾಗಿ ಎತ್ತಿ ಹಿಡಿದರು. 374ರಲ್ಲಿ ಕೈಸರಿಯದ ಬಿಷಪ್ ಬೆಸಿಲ್ ಆರಾಧನೆಯಲ್ಲಿ ಒಮ್ಮೆ ‘ಮಗನ ಮೂಲಕ ಪವಿತ್ರಾತ್ಮನಲ್ಲಿ’ ಎಂದೂ ಇನ್ನೊಮ್ಮೆ ‘ಮಗನೊಂದಿಗೆ ಪವಿತ್ರಾತ್ಮನ ಸಹಿತ’ ಎಂದೂ ಸ್ತುತಿಸಿದಾಗ ಕೆಲವರು ಆಕ್ಷೇಪ ಎತ್ತಿದರು. ಅದಕ್ಕೆ ಉತ್ತರವಾಗಿ ಬಂದದ್ದು ಪವಿತ್ರಾತ್ಮನನ್ನು ಕುರಿತ ಅವನ ಪ್ರಸಿದ್ಧ ಗ್ರಂಥ. ವಿಭಕ್ತಿಯ ಬೆಲೆ ತಿಳಿದ ಕನ್ನಡಿಗರಿಗೆ ಈ ಜಗಳ ಕ್ಷುಲ್ಲಕವೆನಿಸಲಾರದು. ‘ಮೂಲಕ’ ಎಂದರೆ ಕ್ರಿಸ್ತ ನಮ್ಮ ಪಕ್ಕದಲ್ಲಿ ನಿಂತು ಪ್ರಾರ್ಥಿಸುವವನು. ‘ಒಂದಿಗೆ’ ಎಂದರೆ ತಂದೆಯ ಪಕ್ಕದಲ್ಲಿ ಕೂತು ಪ್ರಾರ್ಥನೆ ಕೇಳುವವನು. ಎರಡೂ ನಿಜ, ಎರಡೂ ಬೇಕು ಎಂಬುದೇ ಬೆಸಿಲನ ವಾದವಾಗಿತ್ತು.

ಆದರೆ ತಕ್ಕಡಿ ಒಂದು ಕಡೆ ವಾಲಿತು. ಆಸ್ಟ್ರಿಯದ ಯೇಸುಸಭೆಯ ಪಂಡಿತ ಯೋಸೆಫ್ ಯುಂಗ್‌ಮನ್ 1925ರ ತನ್ನ ಅಧ್ಯಯನದಲ್ಲಿ ಇದನ್ನು ವಿವರವಾಗಿ ಗುರುತಿಸಿದ. ಆರಿಯನರಿಗೆ ಉತ್ತರ ಕೊಡುವ ಭರದಲ್ಲಿ ಕ್ರಿಸ್ತನ ದೈವತ್ವಕ್ಕೆ ಒತ್ತು ಬಿದ್ದು, ಪ್ರಾರ್ಥಿಸುವ ಮನುಷ್ಯನಾದ ಕ್ರಿಸ್ತ ಮಸುಕಾದ. ತೆರವಾದ ಜಾಗವನ್ನು ಇತರ ಮಧ್ಯಸ್ಥರು ತುಂಬಿದರು ಎಂಬುದು ಅವನ ತರ್ಕ. ಅವನ ವಿವರಗಳನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಒಟ್ಟು ಚಿತ್ರ ಮಾತ್ರ ನನಗೆ ನಿಜವೆನಿಸುತ್ತದೆ. ಆರಾಧನೆಯಲ್ಲೇ ಅದರ ಗುರುತುಗಳಿವೆ. ಯಾಜಕರು ಮುಖ್ಯ ಪ್ರಾರ್ಥನೆಗಳನ್ನು ಪಿಸುದನಿಯಲ್ಲಿ ಹೇಳತೊಡಗಿದ್ದರು. ಜನರಿಗೆ ಕೇಳುವಂತೆ ಹೇಳಿ ಎಂದು ಚಕ್ರವರ್ತಿ ಜಸ್ಟಿನಿಯನ್ 565ರಲ್ಲಿ ಕಾನೂನನ್ನೇ ಮಾಡಿದರೂ ಆ ರೂಢಿ ನಿಲ್ಲಲಿಲ್ಲ. ಪಶ್ಚಿಮದಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಸುಮಾರು 6ನೇ ಶತಮಾನದ ಹೊತ್ತಿಗೆ ರೋಮನ್ ಬಲಿಪೂಜೆಯಿಂದ ಬಿಟ್ಟುಹೋಗಿ, ಶುಭ ಶುಕ್ರವಾರದಂದು ಮಾತ್ರ ಉಳಿಯಿತು. ಜಸ್ಟಿನ್ ವರ್ಣಿಸಿದ ಸಭೆಯ ದನಿ ಅಲ್ಲಿಗೆ ಅಡಗಿತು.

ಎಚ್ಚರಿಸಿದವರು ಇಲ್ಲದಿರಲಿಲ್ಲ. ಸಭೆಯಿಂದ ಸಿಡಿದು ಹೋಗಿದ್ದ ದೊನಾತಿಯ ಪಂಗಡದ ಪಾರ್ಮೇನಿಯನ್, ದೇವರಿಗೂ ಜನರಿಗೂ ನಡುವೆ ಬಿಷಪನೇ ಮಧ್ಯಸ್ಥ ಎಂದದ್ದನ್ನು ಅಗಸ್ಟೀನ್ ಖಂಡಿಸಿದ. ಪೌಲನೇ ತನಗಾಗಿ ಪ್ರಾರ್ಥಿಸಿರಿ ಎಂದು ಸಭೆಗಳನ್ನು ಬೇಡಿಕೊಂಡಿರುವಾಗ ಬಿಷಪ್ ಮಾತ್ರ ಮೇಲೆ ನಿಲ್ಲುವುದು ಹೇಗೆ? 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ಖಚಿತವಾಗಿ ವಿಂಗಡಿಸಿದ: ಪರಿಪೂರ್ಣ ಮಧ್ಯಸ್ಥ ಕ್ರಿಸ್ತನೊಬ್ಬನೇ, ಉಳಿದವರನ್ನು ಹಾಗೆ ಕರೆದರೂ ಅವರು ಅವನ ಕೆಲಸಕ್ಕೆ ನೆರವಾಗುವ ಸೇವಕರು ಮಾತ್ರ.

1520ರಲ್ಲಿ ಮಾರ್ಟಿನ್ ಲೂಥರ್, ಕ್ರೈಸ್ತನ ಸ್ವಾತಂತ್ರ್ಯ ಕುರಿತ ಕಿರುಹೊತ್ತಗೆಯಲ್ಲಿ, ಕ್ರಿಸ್ತನನ್ನು ನಂಬುವವರೆಲ್ಲ ಯಾಜಕರು ಎಂದ. ಈ ಮಾತನ್ನು ‘ನನಗೆ ಯಾರ ಹಂಗೂ ಬೇಡ’ ಎಂಬ ಅರ್ಥದಲ್ಲಿ ಬಳಸುವವರು ಬಹಳ. ಲೂಥರ್ ಹೇಳಿದ್ದು ಬೇರೆ: ಯಾಜಕನಾದವನು ದೇವರ ಮುಂದೆ ನಿಂತು ಇತರರಿಗಾಗಿ ಪ್ರಾರ್ಥಿಸಲು ಅರ್ಹ. ಅಲ್ಲಿರುವುದು ಹಕ್ಕಿಗಿಂತ ಹೆಚ್ಚಾಗಿ ಹೊರೆ, ಆರೋನನ ಹೆಗಲ ಮೇಲಿನ ಕಲ್ಲು. 1535ರಲ್ಲಿ ಅವನು ತನ್ನ ಕ್ಷೌರಿಕ ಪೇತರನಿಗಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ಬರೆದುಕೊಟ್ಟ. ದೊಡ್ಡ ಸಿದ್ಧಾಂತ ಕ್ಷೌರದಂಗಡಿಯವರೆಗೆ ಇಳಿದ ಆ ಪುಟ್ಟ ಪುಸ್ತಕ ಲೂಥರನ ದೊಡ್ಡ ವಾದಗ್ರಂಥಗಳಿಗಿಂತ ನನಗೆ ಪ್ರಿಯ. ಕ್ಯಾಲ್ವಿನ್ ತನ್ನ ಮೇರುಕೃತಿಯಲ್ಲಿ ಪ್ರಾರ್ಥನೆಗೆ ಅತಿ ದೀರ್ಘವಾದ ಅಧ್ಯಾಯವನ್ನೇ ಮೀಸಲಿಟ್ಟ. ಇವರಿಗೆ ಪ್ರತಿಯಾಗಿ ಟ್ರೆಂಟ್ ಮಹಾಸಭೆ 1562–63ರಲ್ಲಿ ಬಲಿಪೂಜೆ, ಯಾಜಕದೀಕ್ಷೆ, ಸಂತರ ಬಿನ್ನಹಗಳನ್ನು ಎತ್ತಿಹಿಡಿಯಿತು. ಮುಂದಿನ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಎರಡು ಕಡೆಯವರೂ ಬೇಲಿ ಕಾದರು. ಆ ನಡುವೆ ಇಂಗ್ಲೆಂಡಿನ ಥಾಮಸ್ ಗುಡ್ವಿನ್ 17ನೇ ಶತಮಾನದಲ್ಲಿ, ಪರಲೋಕದಲ್ಲಿರುವ ಕ್ರಿಸ್ತನ ಹೃದಯ ಭೂಮಿಯ ಪಾಪಿಗಳಿಗಾಗಿ ಹೇಗೆ ಮಿಡಿಯುತ್ತದೆಂದು ಬರೆದದ್ದೂ, ದಕ್ಷಿಣ ಆಫ್ರಿಕದ ಆಂಡ್ರ್ಯೂ ಮರೆ 1885ರಲ್ಲಿ ಪ್ರಾರ್ಥನೆಯನ್ನು ಕ್ರಿಸ್ತನ ಶಾಲೆಯಲ್ಲಿ ಕಲಿಯುವ ಪಾಠವೆಂದದ್ದೂ ಮನೆಮನೆಯ ಭಕ್ತಿಯನ್ನು ಪೋಷಿಸಿದವು.

20ನೇ ಶತಮಾನದಲ್ಲಿ ಬೇಲಿ ಸಡಿಲವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಬಲಿಪೂಜೆಗೆ ಮರಳಿ ತಂದಿತು. 1964ರಲ್ಲಿ, ವಿಶ್ವಾಸಿಗಳ ಸಾಮಾನ್ಯ ಯಾಜಕತ್ವವೂ ಗುರುಗಳ ಸೇವಾ ಯಾಜಕತ್ವವೂ ಬೇರೆ ಬೇರೆಯಾದರೂ ಕ್ರಿಸ್ತನ ಒಂದೇ ಯಾಜಕತ್ವದಲ್ಲಿ ಪಾಲುಗೊಳ್ಳುತ್ತವೆ ಎಂದು ಸಾರಿತು. ಸ್ಕಾಟ್ಲೆಂಡಿನ ಜೇಮ್ಸ್ ಟಾರೆನ್ಸ್ 1996ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಪ್ರಾಟೆಸ್ಟಂಟರನ್ನೇ ಕೇಳಿದ: ಸಂತರನ್ನೂ ಯಾಜಕರನ್ನೂ ಪಕ್ಕಕ್ಕಿಟ್ಟ ಮೇಲೆ ಪ್ರಾರ್ಥನೆಯನ್ನು ನಿಮ್ಮ ಸ್ವಂತ ಸಾಮರ್ಥ್ಯದ ಕೆಲಸ ಮಾಡಿಕೊಂಡಿಲ್ಲವೇ? ಅವನ ಪ್ರಕಾರ ಪ್ರಾರ್ಥನೆಯೆಂದರೆ ಮಗನು ತಂದೆಯೊಂದಿಗೆ ಆಗಲೇ ನಡೆಸುತ್ತಿರುವ ಮಾತುಕತೆಯಲ್ಲಿ ಪವಿತ್ರಾತ್ಮನ ಮೂಲಕ ನಾವೂ ಸೇರಿಕೊಳ್ಳುವುದು. ಸಾಕಷ್ಟು ಪ್ರಾರ್ಥಿಸಲಿಲ್ಲವೆಂದು ಕೊರಗುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರಿಲ್ಲ.

ಇನ್ನು ಕನ್ನಡ ನಾಡಿಗೆ ಬಂದರೆ, 1831ರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಂದು ನಾವು ಓದುವ ಬೈಬಲಿನಲ್ಲಿರುವ ‘ವಿಜ್ಞಾಪನೆ’ಯ ತದ್ಭವವೇ ‘ಬಿನ್ನಹ’; ದಾಸರೂ ಶರಣರೂ ಬಳಸಿ ಹದಗೊಳಿಸಿದ ಮಾತು ಅದು. ಹೀಗೆ ಭಾಷೆ ನಮ್ಮ ಕೈಗೆ ಒಳ್ಳೆಯ ಪದವನ್ನು ಕೊಟ್ಟಿದೆ. ಆದರೂ ಇಂದು ನಮ್ಮ ಸಭೆಗಳಲ್ಲಿ ‘ಪಾಸ್ಟರ್ ಪ್ರಾರ್ಥನೆ ಮಾಡಿದರೇ ಬಲ’ ಎಂಬ ನಂಬಿಕೆ ಬೆಳೆಯುತ್ತಿದೆ. ಚೀಟಿ ಬರೆದುಕೊಟ್ಟು, ಫೋನಿನಲ್ಲಿ ಪ್ರಾರ್ಥನೆ ಮಾಡಿಸಿಕೊಂಡು, ತಾನು ಮಾತ್ರ ಬಾಯಿ ತೆರೆಯದ ವಿಶ್ವಾಸಿ ಹೆಚ್ಚುತ್ತಿದ್ದಾನೆ. ಇನ್ನೊಬ್ಬರ ಬಳಿ ಪ್ರಾರ್ಥನೆ ಬೇಡುವುದು ತಪ್ಪಲ್ಲ, ಪೌಲನೂ ಬೇಡಿದ. ಒಬ್ಬರ ಬಿನ್ನಹ ಇನ್ನೊಬ್ಬರದಕ್ಕಿಂತ ದೇವರಿಗೆ ಹತ್ತಿರ ಎಂದುಕೊಳ್ಳುವುದು ಮಾತ್ರ ಇಬ್ರಿಯರ ಪತ್ರಿಕೆಯನ್ನು ಮುಚ್ಚಿಟ್ಟಂತೆ.

ಸಭಾಪಾಲಕರಲ್ಲಿ, ಗುರುಗಳಲ್ಲಿ ನನ್ನ ಬೇಡಿಕೆ ಒಂದೇ. ಬರುವ ಭಾನುವಾರ ವಿಜ್ಞಾಪನೆಯ ಹೊತ್ತಿಗೆ ಮೈಕನ್ನು ಸಭೆಯವರ ಕೈಗೆ ಕೊಡಿ. ಹಿಂದಿನ ಬೆಂಚಿನ ಅಜ್ಜಿ ತನ್ನ ಬೀದಿಯವರ ಹೆಸರುಗಳನ್ನು ಒಂದೊಂದಾಗಿ ಹೇಳಲಿ, ಮಿಕ್ಕವರು ಆಮೆನ್ ಎನ್ನಲಿ.